ಬಿಸಾಡಲೆಂದೇ ಮಾಡಿದ ಬ್ರಷ್

ಡೊಂಬಿವಲಿಯ ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಒಣಹಾಕಿದ ಬಟ್ಟೆಗಳ ಕೆಳಗೆ, ಭಾನುವಾರ ಸಂಜೆ ನಾಲ್ಕು ಮರದ ಮೀನುಗಳು ನಿಧಾನವಾಗಿ ಸುತ್ತುತ್ತಿರುತ್ತವೆ. ಕೆಟ್ಟ ಮೈಕ್ರೋವೇವ್ ಒಂದರಿಂದ ಬಿಚ್ಚಿದ, ಒಳಗಿನ ತಟ್ಟೆ ತಿರುಗಿಸುವ ಪುಟ್ಟ ಮೋಟಾರು ಅವನ್ನು ನಿಮಿಷಕ್ಕೆ ಐದಾರು ಸುತ್ತಿನಂತೆ ತಿರುಗಿಸುತ್ತದೆ. ಸುತ್ತುವುದು ನಿಂತರೆ ಮೈಮೇಲಿನ ಹಸಿ ಎಪಾಕ್ಸಿ ಹೊಟ್ಟೆಯ ಕಡೆ ಇಳಿದು ಹನಿಯಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಕರೆಂಟ್ ಹೋದರೆ ಅವನು ಸ್ಟೂಲ್ ಎಳೆದುಕೊಂಡು ಕೂತು, ಕರೆಂಟ್ ಬರುವವರೆಗೂ ಕೈಯಲ್ಲೇ ತಿರುಗಿಸುತ್ತಾನೆ. ಹೆಂಡತಿ ಅಲ್ಲಿಗೇ ಚಹಾ ತಂದಿಡುತ್ತಾಳೆ.

ಅವನು ಫ್ಯಾಕ್ಟರಿಯಲ್ಲಿ ಫಿಟ್ಟರ್. ಊರು ಉಡುಪಿಯ ಕೋಡಿ ಬೆಂಗ್ರೆ, ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಸಮುದ್ರ ಸೇರುವ ಜಾಗ. ತಮ್ಮ ಅಲ್ಲೇ ಉಳಿದ. ಅಪ್ಪ ತೀರಿಕೊಂಡ ವರ್ಷ ಮನೆಯ ಮಾಡು ರಿಪೇರಿಯ ದುಡ್ಡಿನ ವಿಷಯಕ್ಕೆ ಇಬ್ಬರ ನಡುವೆ ಮಾತು ನಿಂತಿತು. ಎರಡು ವರ್ಷದ ಮೇಲೆ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದಲ್ಲಿ ಬೇಸರಕ್ಕೆಂದು ಕೆತ್ತಿದ ಒಂದು ಮೀನನ್ನು ಅವನು ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದ. ಚೀಟಿ ಬರೆದಿರಲಿಲ್ಲ. ವಾರದ ಮೇಲೆ ಮೊಬೈಲಿಗೆ ಒಂದು ಫೋಟೋ ಬಂತು: ತಮ್ಮನ ಕೈಯಲ್ಲಿ ಒಂದು ಕೆಂಬೇರಿ, ಅದರ ಬಾಯಲ್ಲಿ ಆ ಮರದ ಮೀನು. ಅದರ ಕೆಳಗೂ ಮಾತಿರಲಿಲ್ಲ. ಅಂದಿನಿಂದ ಅಣ್ಣ ಲೂರ್ ಮಾಡಿ ಕಳಿಸುತ್ತಾನೆ, ತಮ್ಮ ಫೋನ್ ಮಾಡುತ್ತಾನೆ. ಹೆಚ್ಚಿನ ಮಾತು ಮೀನಿನದೇ.

ಕೆತ್ತುವುದು, ಸೀಸದ ತೂಕ ಕೂರಿಸುವುದು, ಬಣ್ಣ ಹೊಡೆಯುವುದು ಅವನಿಗೆ ಕಷ್ಟವಾಗಲಿಲ್ಲ. ಸೋಲಿಸಿದ್ದು ಕೊನೆಯ ಪಾರದರ್ಶಕ ಲೇಪ. ಮರದ ಲೂರಿನ ಆಯುಷ್ಯವೆಲ್ಲ ಅದರಲ್ಲೇ ಇದೆ. ನೀರು ಒಂದು ಕಡೆ ಒಳಹೊಕ್ಕರೂ ಮರ ಉಬ್ಬುತ್ತದೆ, ಉಬ್ಬಿದ ಮರ ಲೇಪವನ್ನು ಒಳಗಿನಿಂದಲೇ ಸೀಳುತ್ತದೆ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ತನ್ನ ಮೊದಲ ಲೂರನ್ನು ತೊಗಟೆಯ ಬೆಂಡಿನಲ್ಲಿ ಕೆತ್ತಿ, ತಗಡುಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದನಂತೆ. ಬಡ ಬೆಸ್ತನಿಗೂ ಲೇಪದ ಚಿಂತೆ ತಪ್ಪಿರಲಿಲ್ಲ. ಈಗ ಎಪಾಕ್ಸಿ ಇದೆ. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಎರಡನ್ನೂ ಅಳೆದು, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ಗಟ್ಟಿಯಾಗುವ ಮೊದಲೇ ತೆಳ್ಳಗೆ ಹಚ್ಚಿ ಮುಗಿಸಬೇಕು. ಅಷ್ಟರಲ್ಲಿ ಬ್ರಷ್ಷೂ ಗಟ್ಟಿಯಾಗತೊಡಗುತ್ತದೆ.

ಒಂದೊಂದು ಲೇಪಕ್ಕೆ ಒಂದೊಂದು ಬ್ರಷ್ ಬಿಸಾಡುವ ಮನೆಯಲ್ಲಿ ಬೆಳೆದವನಲ್ಲ ಅವನು. ಹರಿದ ಬಲೆಯೂ ಅಲ್ಲಿ ಬಸಳೆ ಚಪ್ಪರವಾಗುತ್ತಿತ್ತು. 15 ರೂಪಾಯಿಯ ಬ್ರಷ್ಷನ್ನು ಅವನು ಅಸಿಟೋನಿನಲ್ಲಿ ಅದ್ದಿ, ಬೆರಳಿನಲ್ಲಿ ಹಿಂಡಿ ಹಿಂಡಿ ತೊಳೆದ. ಅದೇ ಅಸಿಟೋನಿನಲ್ಲಿ ಕೈಯನ್ನೂ ಒರೆಸಿಕೊಂಡ. ತೊಳೆದ ಬ್ರಷ್ ಕೂದಲು ಬಿಡತೊಡಗಿತು. ಬುಡದಲ್ಲಿ ಉಳಿದ ಅಸಿಟೋನ್ ಮುಂದಿನ ಲೇಪಕ್ಕೆ ಸೇರಿ ಅಲ್ಲಲ್ಲಿ ಮೆತ್ತಗಿನ ಮಚ್ಚೆಗಳಾದವು. ಒಂದು ಲೂರಿನ ಕೊಕ್ಕೆಯ ಬುಡದಲ್ಲಿ ಒಂದೇ ಒಂದು ಕೂದಲು ಲೇಪದಿಂದ ಹೊರಗೆ ಚಾಚಿಕೊಂಡಿತ್ತು. ಅವನು ನೋಡಿದ್ದ, ಸಾಕು ಅಂದುಕೊಂಡ.

ಮಳೆ ನಿಂತ ಮೇಲೆ ತಮ್ಮನ ಫೋನ್ ಬಂತು. “ಅಣ್ಣ, ದೊಡ್ಡದು ಹಿಡಿದಿತ್ತು. ಕೊಕ್ಕೆ ಕಿತ್ತು ಬಂತು. ಒಳಗೆ ಮರ ಪೂರಾ ಕೊಳೆತಿದೆ.” ಬೈಗುಳವೇನೂ ಇರಲಿಲ್ಲ. ಆದರೆ ಮಾಡಿನ ದುಡ್ಡಿನ ಮಾತು ಶುರುವಾದಾಗಲೂ ಅವನ ದನಿ ಹೀಗೇ ಇತ್ತು.

ಅದೇ ತಿಂಗಳು ಅಣ್ಣನ ಬೆರಳುಗಳ ಸಂದಿ ಕೆಂಪಾಗಿ, ತುರಿಸಿ, ಸಿಪ್ಪೆ ಏಳತೊಡಗಿತು. ಚರ್ಮದ ಡಾಕ್ಟರು ಕೆಲಸ ಏನೆಂದು ಕೇಳಿದರು, ಆಮೇಲೆ ಹವ್ಯಾಸ ಕೇಳಿದರು. ಎಪಾಕ್ಸಿ ಒಮ್ಮೆ ಮೈಗೆ ಅಲರ್ಜಿಯಾದರೆ ಮುಂದೆ ಸ್ವಲ್ಪ ತಾಗಿದರೂ ಏಳುತ್ತದೆ, ಅಸಿಟೋನಿನಲ್ಲಿ ಕೈ ತೊಳೆದರೆ ಅದು ಹೋಗುವುದಿಲ್ಲ, ಚರ್ಮದ ತುಂಬ ಹರಡುತ್ತದೆ ಎಂದರು. “ಬಿಟ್ಟುಬಿಡಿ. ಆಗದಿದ್ದರೆ ಒಂದು ಹನಿಯೂ ಚರ್ಮಕ್ಕೆ ತಾಗದ ಹಾಗೆ ಮಾಡಿ.”

“15 ರೂಪಾಯಿ ಉಳಿಸಿ ಡಾಕ್ಟರಿಗೆ 800 ಕೊಟ್ರಿ. ಒಳ್ಳೆ ಲೆಕ್ಕ ರೀ,” ಅಂದಳು ಹೆಂಡತಿ.

ಬಿಡುವುದು ಸುಲಭವಿತ್ತು. ಬಿಟ್ಟರೆ ತಮ್ಮನಿಗೆ ಏನು ಕಳಿಸುವುದು, ಫೋನಿನಲ್ಲಿ ಏನು ಮಾತಾಡುವುದು ಎಂಬುದಕ್ಕೆ ಉತ್ತರವಿರಲಿಲ್ಲ. ತೊಳೆಯುವುದೇ ಬೇಡವಾದ ಬ್ರಷ್ ಬೇಕಿತ್ತು, ಕೂದಲು ಬಿಡದ್ದು, ಬಿಸಾಡಿದರೆ ಹೊಟ್ಟೆ ಉರಿಯದಷ್ಟು ಅಗ್ಗದ್ದು.

ಮೂರು ಭಾನುವಾರ ಹೋದವು. ಕಿವಿಗೆ ಹಾಕುವ ಹತ್ತಿಕಡ್ಡಿ ಎಳೆ ಬಿಟ್ಟಿತು. ಸ್ಪಂಜಿನ ತುಂಡು ಲೇಪದ ತುಂಬ ಗುಳ್ಳೆ ಎಬ್ಬಿಸಿತು. ಕೊನೆಗೆ ನಿಂತದ್ದು ಇದು: ಎರಡಿಂಚಿನ ಮೆತ್ತನೆಯ ನೈಲಾನ್ ಬ್ರಷ್ಷಿನ ಕೂದಲನ್ನು ಬುಡಸಮೇತ ಕತ್ತರಿಸಿ, ಬೆಂಕಿಕಡ್ಡಿಯಷ್ಟು ದಪ್ಪದ ಚಿಕ್ಕ ಕಟ್ಟುಗಳಾಗಿ ಬಿಡಿಸುವುದು. ಒಂದೊಂದನ್ನೂ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಬಾಚಿ, ಸಡಿಲ ಕೂದಲು ಉದುರಿಸುವುದು. ಬುಡಕ್ಕೆ ದಾರ ಸುತ್ತಿ ಸೂಪರ್ ಗ್ಲೂ ಹನಿಸುವುದು. ಕಾಗದದ ಸ್ಟ್ರಾ ತುಂಡಿಗೆ ಅದನ್ನು ತೂರಿಸಿ, ಅಂಟು ಆರುವ ಮೊದಲೇ ಇಕ್ಕಳದಲ್ಲಿ ಚಪ್ಪಟೆಯಾಗಿ ಒತ್ತುವುದು. ಆರಿದ ಮೇಲೆ ತುದಿಯನ್ನು ನೇರ ಕತ್ತರಿಸಿ, ಸೆಲೋಟೇಪಿಗೆ ಅಂಟಿಸಿ ಎಳೆಯುವುದು. ಬರುವ ಕೂದಲು ಅಲ್ಲೇ ಬರುತ್ತದೆ, ಲೂರಿನ ಮೇಲೆ ಬರುವುದಿಲ್ಲ. ಒಂದು ಬ್ರಷ್ಷಿನಿಂದ ಇಪ್ಪತ್ತರ ಮೇಲಾಗುತ್ತವೆ, ತಲಾ ಎರಡು ರೂಪಾಯಿಯೂ ಬೀಳುವುದಿಲ್ಲ. ಹಚ್ಚಿದ ಮೇಲೆ ಬ್ರಷ್ಷನ್ನು ಉಳಿದ ಎಪಾಕ್ಸಿಯ ಕಪ್ಪಿನಲ್ಲೇ ನಿಲ್ಲಿಸಿ, ಎರಡೂ ಕಲ್ಲಾದ ಮೇಲೆ ಕಸಕ್ಕೆ. ಕೈಗೆ ನೈಟ್ರೈಲ್ ಗ್ಲೌಸ್. ಅಸಿಟೋನ್ ಬಾಟಲಿ ಮನೆಯಿಂದ ಹೋಯಿತು.

ಆದರೂ ಮೊದಲ ಬ್ರಷ್ಷನ್ನು ಕಸದ ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅದನ್ನೇ ಹೇಳಿದ. ಅಮ್ಮ ನಕ್ಕಳು. “ನಿನ್ನ ಅಪ್ಪ ಸುಣ್ಣ ಬಳಿಯುತ್ತಿದ್ದದ್ದು ಯಾವುದರಲ್ಲಿ, ನೆನಪಿಲ್ವಾ?” ನೆನಪಾಯಿತು. ಹೊಳೆಬದಿಯ ಮುಂಡೇವಿನ ಬಿಳಲು ಬೇರನ್ನು ಕಡಿದು ತಂದು, ತುದಿಯನ್ನು ಕಲ್ಲಿನ ಮೇಲೆ ಜಜ್ಜಿ ನಾರು ಬಿಡಿಸಿದರೆ ಕುಂಚ. ಎಲೆಯಲ್ಲಿ ಅಮ್ಮನ ಮೂಡೆ, ಬೇರಿನಲ್ಲಿ ಅಪ್ಪನ ಕುಂಚ. ಗೋಡೆ ಮುಗಿದ ಸಂಜೆ ಅಪ್ಪ ಅದನ್ನು ತೆಂಗಿನ ಬುಡಕ್ಕೆ ಎಸೆಯುತ್ತಿದ್ದ. ಯಾರೂ ಅದನ್ನು ತೊಳೆದು ಇಡುತ್ತಿರಲಿಲ್ಲ. ಮುಂದಿನ ವರ್ಷಕ್ಕೆ ಬೇರೆ ಬೇರು ಇದ್ದೇ ಇತ್ತು.

ಅಪ್ಪನ ಕುಂಚ ಮಣ್ಣಾಯಿತು, ಇದು ಆಗುವುದಿಲ್ಲ ಎಂಬುದು ಅವನಿಗೆ ಗೊತ್ತು. ಅದಕ್ಕೇ ಈಗ ನಾಲ್ಕು ಲೂರುಗಳನ್ನು ಒಟ್ಟಿಗೇ ಹಿಡಿಯುತ್ತಾನೆ: ಒಂದು ಕಪ್ಪು, ಒಂದು ಬ್ರಷ್, ನಾಲ್ಕು ಮೀನು.

ದೀಪಾವಳಿಗೆ ಕಳಿಸಿದ ಕಟ್ಟು ತಲುಪಿದ ದಿನ ತಮ್ಮನ ಫೋನ್ ಬಂತು. ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದೆ, ಒಂದು ಕೂದಲೂ ಇಲ್ಲ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, “ಕೈ ಹೇಗಿದೆ ಅಣ್ಣ?”

ಕೈಯ ವಿಷಯ ಅವನು ಊರಿಗೆ ಹೇಳಿರಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಏನೋ ಹುಡುಕುವವಳಂತೆ ಡಬ್ಬಿಗಳನ್ನು ಸರಿಸುತ್ತಿದ್ದಳು.