ನೀರು ಕೊರೆದ ದಾರಿ

ಮಲೆನಾಡಿನ ರಸ್ತೆಯಲ್ಲಿ ಇಳಿಜಾರು ಮುಗಿಯುವಲ್ಲಿ ಒಂದು ಮೋರಿ ಇದ್ದೇ ಇರುತ್ತದೆ. ಮೋರಿ ದಾಟಿದ ಕೂಡಲೇ ಏರು ಶುರು. ಬಸ್ಸಿನಲ್ಲಿ ಎಷ್ಟು ವರ್ಷ ಓಡಾಡಿದರೂ ಇದು ಗಮನಕ್ಕೆ ಬರುವುದಿಲ್ಲ. ಸೈಕಲ್ ತುಳಿಯುವವರ ತೊಡೆಗಳಿಗೆ ಮೊದಲ ಗಂಟೆಯಲ್ಲೇ ತಿಳಿಯುತ್ತದೆ. ಎರಡು ಊರುಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ ಎಂದು ನಕ್ಷೆ ಹೇಳಬಹುದು. ನಡುವೆ ಹತ್ತು ಹಳ್ಳಗಳಿದ್ದರೆ ಹತ್ತು ಸಲ ಇಳಿದು ಹತ್ತು ಸಲ ಹತ್ತಲೇಬೇಕು. ಈ ಸೀಮೆಯನ್ನು ಹೀಗೆ ಕೊರೆದು ಇಟ್ಟದ್ದು ನೀರು. ಅದರ ಕೆಲಸವನ್ನು ಕಾಲಿನಿಂದ ಓದುವುದಕ್ಕೆ ಸೈಕಲ್ಲಿಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ತೀರ್ಥಹಳ್ಳಿಯಿಂದ ಆಗುಂಬೆ, ಅಲ್ಲಿಂದ ಶೃಂಗೇರಿ, ಹರಿಹರಪುರ, ಕೊಪ್ಪ, ಮತ್ತೆ ತೀರ್ಥಹಳ್ಳಿ. ನೂರು ಕಿಲೋಮೀಟರು ಮೀರುವ ಸುತ್ತು. ಮಳೆ ಪೂರ್ತಿ ಬಿಟ್ಟ ಮೇಲೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ನಾನು ಈ ಸುತ್ತಿಗೆ ಹೊರಡುವುದು, ಅದೂ ಒಬ್ಬನೇ. ಗೆಳೆಯರು ಬೇಡವೆಂದಲ್ಲ. ಜೊತೆಗಿದ್ದಾಗ ಏರಿನಲ್ಲಿ ಅವರ ಉಸಿರಿಗೆ ನನ್ನ ಉಸಿರು ಹೊಂದಿಸಬೇಕು, ನಿಲ್ಲುವುದಕ್ಕೂ ಕಾರಣ ಹೇಳಬೇಕು. ಒಂಟಿಯಾಗಿದ್ದರೆ ಎಲ್ಲಿ ಬೇಕಾದರೂ ಕಾಲೂರಬಹುದು; ಒಂದು ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ಹಾರಿ ಮರೆಯಾಗುವ ತನಕ ಕತ್ತೆತ್ತಿ ನಿಂತಿರಬಹುದು.

ಆಗುಂಬೆಯ ತನಕ ಹೆದ್ದಾರಿ. ಹಾಗಾಗಿ ವಾಹನಗಳು ಏಳುವ ಮುಂಚೆ ಆ ತುಂಡನ್ನು ಮುಗಿಸಿಬಿಡುವುದು ಒಳ್ಳೆಯದು. ಇಬ್ಬನಿಗೆ ಹುಬ್ಬು ಒದ್ದೆಯಾಗಿರುತ್ತದೆ. ಇಳಿಯುತ್ತಾ ಹೋದಂತೆ ಚಳಿ ಏರುತ್ತದೆ, ಮೋರಿಯ ಹತ್ತಿರ ಬೆರಳು ಮರಗಟ್ಟುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ರಾತ್ರಿಯಿಡೀ ಜಾರಿ ಬಂದು ತಗ್ಗಿನಲ್ಲಿ ತಂಗಿರುತ್ತದೆ. ಎದುರಿನ ಏರು ಅರ್ಧ ಹತ್ತುವಷ್ಟರಲ್ಲಿ ಮೈಯೆಲ್ಲಾ ಬೆಚ್ಚಗೆ. ಮನೆಗಳಿರುವ ಕಡೆ ಗಾಳಿಯೇ ಬೇರೆ. ಅಂಗಳದ ಒಲೆಯ ಮೇಲಿನ ಹಂಡೆಯಲ್ಲಿ ಸುಲಿದ ಅಡಿಕೆ ಬೇಯುತ್ತಿರುತ್ತದೆ. ಅದರ ಚೊಗರಿನ ಒಗರು ವಾಸನೆ, ಹಸಿ ಕಟ್ಟಿಗೆಯ ಹೊಗೆಯೊಂದಿಗೆ ಬೆರೆತು, ಉಣುಗೋಲು ದಾಟಿ ರಸ್ತೆಗೆ ಬರುತ್ತದೆ. ಕಾರಿನ ಗಾಜು ಮೇಲೇರಿಸಿಕೊಂಡು ಹೋಗುವವರಿಗೆ ಈ ವಾಸನೆ ಸಿಕ್ಕುವುದಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆಗುಂಬೆ ಎಂದರೆ ಜನ ಮಳೆ ಎನ್ನುತ್ತಾರೆ, ವರ್ಷದ ಸರಾಸರಿ 7000 ಮಿಲಿಮೀಟರು ಮೀರುತ್ತದೆ. ಇಲ್ಲವೇ ಕಾಳಿಂಗ ಸರ್ಪ ಎನ್ನುತ್ತಾರೆ, ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಊರು ಎನ್ನುತ್ತಾರೆ. ನಾನು ಮಾತ್ರ ನೇರ ಘಾಟಿಯ ತಲೆಗೆ ಹೋಗಿ ಸೈಕಲ್ ಒರಗಿಸಿ ನಿಲ್ಲುತ್ತೇನೆ. ಇಲ್ಲಿಂದ ಪಶ್ಚಿಮಕ್ಕೆ ಬಿದ್ದ ಹನಿ ಸೀತಾನದಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಆಕಾಶ ತಿಳಿಯಾಗಿದ್ದರೆ ಆ ಸಮುದ್ರ ಇಲ್ಲಿಗೇ ಕಾಣುತ್ತದೆ. ಪೂರ್ವಕ್ಕೆ ಬಿದ್ದದ್ದು ಮಾಲತಿ, ತುಂಗೆ, ತುಂಗಭದ್ರೆ, ಕೃಷ್ಣೆಯರ ಕೈಹಿಡಿದು ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿ ಮುಟ್ಟಬೇಕು. ಒಂದೇ ಮೋಡದಿಂದ ಬಿದ್ದ ಅಕ್ಕಪಕ್ಕದ ಹನಿಗಳಿಗೆ ಇಷ್ಟೊಂದು ಬೇರೆ ಬದುಕು! ತೀರ್ಥಹಳ್ಳಿಯಿಂದ ತುಳಿದು ಬಂದವರಿಗೆ ಇದು ಭೂಗೋಳದ ಪಾಠವಾಗಿ ಉಳಿಯುವುದಿಲ್ಲ. ಅಷ್ಟು ಹೊತ್ತು ನೀರಿಗೆ ಎದುರಾಗಿ ಹತ್ತಿ ಬಂದ ದಣಿವು ಮೈಯಲ್ಲೇ ಇರುತ್ತದೆ.

ಆಗುಂಬೆಯಿಂದ ಶೃಂಗೇರಿಯ ಕಡೆಗೆ ತಿರುಗಿದ ಮೇಲೆ ರಸ್ತೆ ಕಿರಿದಾಗುತ್ತದೆ, ಕಾಡು ಹತ್ತಿರ ಬರುತ್ತದೆ. ಧರೆಯ ಮೇಲೆ ಹಾವಸೆ, ಅದರ ಸಂದಿನಿಂದ ಈಗಲೂ ಜಿನುಗುವ ನೀರು. ಸೈಕಲ್ಲಿನ ಚೈನಿನ ಸದ್ದು ಬಿಟ್ಟರೆ ಕುಟುರ ಹಕ್ಕಿಯ ಕೂಗೊಂದೇ. ಇಲ್ಲೊಂದು ಸಣ್ಣ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಸೈಕಲ್ಲನ್ನು ಸುತ್ತು ಹಾಕಿ ನೋಡಿದರು.

“ಎಲ್ಲಿಂದ ಬಂದ್ರಿ ಮಾರಾಯ್ರೆ?”

“ತೀರ್ಥಹಳ್ಳಿಯಿಂದ.”

“ಒಬ್ರೇನಾ? ಕೂತ್ಕೊಳ್ಳಿ ಮೊದ್ಲು. ಆಸ್ರಿಗೆ ಏನ್ ಬೇಕು?”

ಬೆಲ್ಲ, ನೀರು ಬಂತು. ಆಮೇಲೆ ಗೊನೆಯಿಂದ ಎರಡು ಬಾಳೆಹಣ್ಣು. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಇದ್ದರೆ ನೂರು ಮೀಟರು ಎತ್ತರ ಹತ್ತಲು ದೇಹ ಸುಮಾರು 75 ಕಿಲೋಕ್ಯಾಲೊರಿ ಸುಡುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಬಾಳೆಹಣ್ಣು. ಅದರಲ್ಲಿ ಕಾಲುಭಾಗವಷ್ಟೇ ಪೆಡಲಿಗೆ ಹೋಗಿ ಉಳಿದದ್ದು ಬಿಸಿಯಾಗುತ್ತದೆ. ಚಳಿಯ ಬೆಳಗಿನಲ್ಲಿ ಮೈ ಬೆಚ್ಚಗಿಟ್ಟದ್ದು ಅದೇ. ಮುಂದಿನ ಎರಡು ಏರುಗಳನ್ನು ಆ ಹಿರಿಯರೇ ಹತ್ತಿಸಿದರು ಎಂದು ನಾನು ಲೆಕ್ಕ ಇಟ್ಟಿದ್ದೇನೆ.

ಶೃಂಗೇರಿಯಲ್ಲಿ ಊಟ, ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನು ನೋಡುವುದು, ಅಷ್ಟೇ. ಅಲ್ಲಿಂದ ಹರಿಹರಪುರದವರೆಗೆ ನದಿ ಹೋಗುವ ಕಡೆಗೇ ನಾವೂ ಹೋಗುವುದರಿಂದ ಕಾಲಿಗೆ ಬಿಡುವು. ಹರಿಹರಪುರದಲ್ಲಿ ನದಿಯನ್ನು ಬಿಟ್ಟು ಕೊಪ್ಪಕ್ಕೆ ಹತ್ತಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ, ಊಟ ಮಾಡಿದ ಹೊಟ್ಟೆಯಲ್ಲಿ, ಈ ಏರು ದಿನದ ಅತಿ ಕಷ್ಟದ ಕೆಲಸ.

ಕೊಪ್ಪ ದಾಟಿ ಗಡಿಕಲ್ಲಿನ ಹತ್ತಿರ ಬಂದಾಗ ಕುವೆಂಪು ಅವರ ಊರು ಕುಪ್ಪಳಿಯ ನೆನಪು, ಅದರ ಹಿಂದೆಯೇ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನೆನಪು. 1967ರಲ್ಲಿ ಬಂದ ಆ ಪುಸ್ತಕದಲ್ಲಿ ಕುವೆಂಪು ಇದೇ ಕಾಡಿನೊಳಗೆ ಒಂದು ಬೈಸಿಕಲ್ ತರುತ್ತಾರೆ. ಬೆಟ್ಟಳ್ಳಿಯ ದೇವಯ್ಯ ಅದನ್ನು ಹತ್ತುತ್ತಾನೆ. ಅಂಥದ್ದನ್ನು ಕಂಡಿರದ ಜನ ಬೆರಗಾಗುತ್ತಾರೆ. ಗೇರ್ ಇಲ್ಲದ ಹಳೆಯ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಗಾಡಿ ಐದು ಮೀಟರಿಗೂ ಹೆಚ್ಚು ಮುಂದೆ ಹೋಗಬೇಕು. ನನ್ನದರ ಕೆಳಗಿನ ಗೇರಿನಲ್ಲಿ ಎರಡೇ ಮೀಟರು. ಹಾಗಾಗಿ ನಿಧಾನವಾಗಿಯಾದರೂ ಕೂತೇ ಹತ್ತಬಹುದು. ಗಾಡಿ ಜಾಡಿನ ಮಣ್ಣಿನ ಮೇಲೆ, ಈ ಏರುಗಳಲ್ಲಿ, ದೇವಯ್ಯನಂಥವರು ಹತ್ತಿದ್ದಕ್ಕಿಂತ ತಳ್ಳಿದ್ದೇ ಹೆಚ್ಚಿರಬೇಕು. ಆದರೂ ಅವರಿಗೆ ಅದರ ಮೇಲೆ ಅಷ್ಟು ಆಸೆ ಯಾಕೆ ಹುಟ್ಟಿತು ಎಂದು ಒಂದು ಇಳಿಜಾರು ಇಳಿದವರಿಗೆ ಹೇಳಬೇಕಾಗಿಲ್ಲ. ಕುಪ್ಪಳಿಗೆ ಮಾತ್ರ ಸಂಜೆಯ ಆತುರದಲ್ಲಿ ತಿರುಗುವುದಿಲ್ಲ. ಅದಕ್ಕೆ ಬೇರೊಂದು ದಿನವನ್ನೇ ಎತ್ತಿಟ್ಟಿದ್ದೇನೆ.