ಗೋಡೆಯ ಬರಹ

ಗೋಡೆಯ ಮೇಲೆ ಗೀಚುವ ಬಾಲಕರನ್ನು ನಾವು ಉಪಾಧ್ಯಾಯರಾಗಿದ್ದಾಗ ದಂಡಿಸುತ್ತಿದ್ದೆವು. ಇಂದಿಗೂ ನಮ್ಮ ಮತವು ಅದೇ. ಆದರೆ ಸಿಂಹಳದ್ವೀಪದ ಸಿಗಿರಿಯವನ್ನು ನೆನೆದಾಗ ಬೆತ್ತವೆತ್ತಿದ ಕೈಯು ತಡೆಯುವುದು.

5ನೆಯ ಶತಮಾನದಲ್ಲಿ ಕಾಶ್ಯಪನೆಂಬ ಅರಸನು ಆ ಬಂಡೆಯ ಮೇಲೆ ಅರಮನೆಯನ್ನು ಕಟ್ಟಿಸಿ, ಅದರ ಪಾರ್ಶ್ವದಲ್ಲಿ ಸ್ತ್ರೀಯರ ಚಿತ್ರಗಳನ್ನು ಬರೆಯಿಸಿದನು. ಕೆಳಗಿನ ದಾರಿಯ ಅಂಚಿನಲ್ಲಿ ನುಣುಪಾದ ಗಾರೆಯ ಗೋಡೆಯೊಂದುಂಟು. ಅದಕ್ಕೆ ಕನ್ನಡಿಗೋಡೆಯೆಂದೇ ಹೆಸರು. ಅರಸನು ಅಳಿದ ತರುವಾಯ, ಮುಖ್ಯವಾಗಿ 8ರಿಂದ 10ನೆಯ ಶತಮಾನದವರೆಗೆ, ನೋಡಬಂದ ಭಿಕ್ಷುಗಳೂ ಗೃಹಸ್ಥರೂ ಸ್ತ್ರೀಯರೂ ಅದರ ಮೇಲೆ ಪದ್ಯಗಳನ್ನು ಗೀಚಿದರು. ಚಿತ್ರಸುಂದರಿಯರನ್ನು ಹೊಗಳಿದವರು ಹಲವರು. ಅವರು ಮಾತನಾಡಲಿಲ್ಲವೆಂದು ದೂರಿದವರೂ ಉಂಟು! 1956ರಲ್ಲಿ ಪರಣವಿತಾನ ಪಂಡಿತರು 685 ಪದ್ಯಗಳನ್ನು ಓದಿ ಪ್ರಕಟಿಸಿದರು. ಸಿಂಹಳ ಭಾಷೆಯಲ್ಲಿ ಇಂದು ಉಳಿದಿರುವ ಅತಿ ಪ್ರಾಚೀನ ಪದ್ಯಗಳಲ್ಲಿ ಇವೂ ಸೇರಿರುವುವು.

2015ರಲ್ಲಿ ಯುವತಿಯೊಬ್ಬಳು ಅದೇ ಗೋಡೆಯ ಮೇಲೆ ತನ್ನ ಹೆಸರನ್ನು ಕೆತ್ತಿ, ಎರಡು ವರ್ಷಗಳ ಸೆರೆವಾಸಕ್ಕೆ ಗುರಿಯಾದಳು. ಶಿಕ್ಷೆಯು ಅತಿಯಾಯಿತೆಂದು ನಮಗೆ ತೋರಿತು, ಕೆತ್ತಿದುದು ಸರಿಯೆಂದಲ್ಲ. ಹಿಂದಿನವರಿಗೆ ದೊರೆತ ಗೋಡೆಯು ಬರಿದಾಗಿದ್ದಿತು. ಇಂದು ಅಲ್ಲಿ ಹೊಸ ಹೆಸರು ಬಿದ್ದರೆ ಹಳೆಯ ಪದ್ಯವೊಂದು ಅಳಿಯಬಹುದು. ಕೆಲವು ವಾರಗಳ ಮೇಲೆ ರಾಷ್ಟ್ರಾಧ್ಯಕ್ಷರು ಅವಳನ್ನು ಕ್ಷಮಿಸಿದರೆಂದು ತಿಳಿದು ನಮಗೆ ಸಮಾಧಾನವಾಯಿತು.