ಮಣ್ಣೆತ್ತಿಗೆ ನೆರಳು

ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕಮತಗಿಯ ನಮ್ಮ ಓಣಿಯಲ್ಲಿ ಅಂದು ಹುಡುಗರ ಮೊಣಕೈವರೆಗೂ ಎರಿಮಣ್ಣು. ಜೋಡೆತ್ತು, ಮುಂದೊಂದು ಮೇವಿನ ಗ್ವಾದಲಿ, ಕಣ್ಣಿಗೆ ಜೋಳದ ಕಾಳು, ಮೈಗೆ ಸುಣ್ಣ, ಕೊಂಬಿಗೆ ಜಾಜು. ನನ್ನ ಎತ್ತುಗಳು ಹಸಿಮಣ್ಣಿನಲ್ಲಿದ್ದಷ್ಟು ಹೊತ್ತು ಚಂದ ಇರುತ್ತಿದ್ದವು. ಸುಣ್ಣ ಬಿದ್ದದ್ದೇ ತಡ, ಹೆಗಲು, ಹೊಟ್ಟೆ, ಹಿಣಿಲು ಎಲ್ಲ ಒಂದಾಗಿ, ಗೋಡೆಯ ತುಂಡಿಗೆ ಕೊಂಬು ಮೂಡಿದಂತೆ ಕಾಣುತ್ತಿದ್ದವು. ಪೂಜೆಗೆ ಅದು ಅಡ್ಡಿಯಾಗಲಿಲ್ಲ. ದೇವರು ನೋಡಿದ್ದನ್ನೆಲ್ಲ ಹೇಳುವವನಲ್ಲ.

ನೌಕರಿ ಮುಗಿಸಿ ಊರಿಗೆ ಬಂದ ಮೇಲೆ ಮತ್ತೆ ಅದೇ ಚಟ ಹತ್ತಿತು. ಈಗ ಅಕ್ರಿಲಿಕ್ ಬಣ್ಣ, ಸೊನ್ನೆ ನಂಬರಿನ ಬ್ರಷ್, ಭೂತಗನ್ನಡಿ. ಗೇಣಗಲದ ಹಲಗೆಯ ಮೇಲೆ ಒಂದು ಚಕ್ಕಡಿ, ಎರಡು ಎತ್ತು, ಬುತ್ತಿಗಂಟು ಹೊತ್ತ ಎರಡಂಗುಲದ ಹೆಣ್ಣುಮಗಳು. ಸಲಕರಣೆ ಸುಧಾರಿಸಿದರೂ ಎತ್ತು ಸುಧಾರಿಸಲಿಲ್ಲ. ಮತ್ತೆ ಗೋಡೆ, ಮತ್ತೆ ಕೊಂಬು.

ಕಾರಣ ತಿಳಿಯಲು ತಡವಾಯಿತು. ಹೊಲದಲ್ಲಿ ನಿಂತ ಎತ್ತಿಗೆ ಸೂರ್ಯನೇ ಬಣ್ಣಗಾರ: ಬೆನ್ನ ಮೇಲೆ ಬಿಸಿಲು, ಹೊಟ್ಟೆಯಡಿ ನೆರಳು, ಗಂಗೆದೊಗಲಿನ ಮಡಿಕೆಗಳಲ್ಲಿ ಇನ್ನೂ ಗಾಢ ನೆರಳು. ಎರಡಂಗುಲದ ಎತ್ತಿನ ಮಡಿಕೆ ಉಗುರಿನ ಗೀರಿನಷ್ಟೂ ಆಳವಿಲ್ಲ. ಕೋಣೆಯ ಬೆಳಕು ನಾಲ್ಕೂ ಕಡೆಯಿಂದ ಬಂದು ಅದನ್ನು ತುಂಬಿಬಿಡುತ್ತದೆ. ಸಣ್ಣದಕ್ಕೆ ತನ್ನ ನೆರಳನ್ನು ತಾನೇ ಬೀಳಿಸಿಕೊಳ್ಳುವ ತಾಕತ್ತಿಲ್ಲ, ನಾವೇ ಕಡ ಕೊಡಬೇಕು.

ಕೊಟ್ಟೆ. ಕರಿ ಬಣ್ಣಕ್ಕೆ ನೀರು ಬೆರೆಸಿ ಮೈಗೆಲ್ಲ ಸುರುವಿದೆ. ಮಡಿಕೆಗಳಲ್ಲಿ ನಿಲ್ಲಬೇಕಾದ ನೀರು ಹೊಟ್ಟೆಯ ನಡುವೆ ನಿಂತು, ಒಣಗಿ, ಚಹಾ ಚೆಲ್ಲಿದ ಹಾಸಿಗೆಯಂತೆ ಅಂಚು ಕಟ್ಟಿತು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಕೈಗೆತ್ತಿಕೊಂಡು ನೋಡಿದರು. ಅರವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವರು.

“ಕರಿ ಹಚ್ಚಿದ್ರ ನೆಳ್ಳ ಆಗೂದಿಲ್ಲೋ ತಮ್ಮಾ, ಮಸಿ ಆಕ್ಕೈತಿ.”

ಒಳಗೆ ಹೋಗಿ ಅವ್ವನ ಹಳೆಯ ಕುಬಸದ ಖಣ ತಂದು ಬಿಸಿಲಿಗೆ ಹಿಡಿದರು. ಹಾಸು ನೀಲಿ, ಹೊಕ್ಕು ಕೆಂಪು. ಚಾಚಿದರೆ ಕೆಂಪು, ಮಡಚಿದರೆ ಮಡಿಕೆಯೊಳಗಿಂದ ನೀಲಿ ಇಣುಕುತ್ತಿತ್ತು. ಒಂದು ಎಳೆಯೂ ಕಪ್ಪಿರಲಿಲ್ಲ, ಆದರೂ ನೆರಳಿತ್ತು. ಗುಳೇದಗುಡ್ಡ, ಕಮತಗಿ, ಇಳಕಲ್ಲಿನ ನೇಕಾರರಿಗೆ ಇದು ಹೇಳಿಸಿಕೊಳ್ಳುವ ವಿದ್ಯೆಯೇ ಅಲ್ಲ. ಅವರ ಮಗನಾಗಿ ಹುಟ್ಟಿ ಈ ವಯಸ್ಸಿನಲ್ಲಿ ಕಲಿತವನು ನಾನೊಬ್ಬನೇ ಇರಬೇಕು.

ಅಂದಿನಿಂದ ಹೆಣ್ಣುಮಗಳ ಸೀರೆಯ ಕೆಂಪಿಗೆ ನೆರಳಾಗಿ ತುಸು ನೀಲಿ ಬೆರೆತ ಕಂದು ಹಚ್ಚುತ್ತೇನೆ. ಬಿಸಿಲು ಬೀಳುವ ಅಂಚಿಗೆ ಬಿಳಿ ಬೆರೆಸಿದರೆ ಕೆಂಪು ಗುಲಾಬಿಗೆ ತಿರುಗಿ ಸೀರೆ ಹಳತಾದಂತೆ ಕಾಣುತ್ತದೆ, ಹಾಗಾಗಿ ಅಲ್ಲಿ ಕಿತ್ತಳೆ. ಸೆರಗಿನ ಟೋಪ ತೆನಿ ವಿನ್ಯಾಸ ಬರೆಯಲು ಹೋಗಿ ಎರಡು ಬ್ರಷ್ ಹಾಳಾದವು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು ಮೈಯ ಹಾಸಿಗೆ ಎಳೆ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ತಾಳ್ಮೆಯ ಮುಂದೆ ನನ್ನದು ಮಕ್ಕಳಾಟ.

ನೆರಳು ಹಚ್ಚುವುದಕ್ಕೆ ನಮ್ಮಲ್ಲಿ ಹಳೆಯ ಹೆಸರೊಂದಿದೆ: ವರ್ತನಾ. ವಿಷ್ಣುಧರ್ಮೋತ್ತರದ ಚಿತ್ರಸೂತ್ರ ಅದರಲ್ಲಿ ಮೂರು ಬಗೆ ಹೇಳುತ್ತದೆ. ಎಲೆಯ ನರಗಳಂತೆ ಗೆರೆ ಎಳೆಯುವುದು ಪತ್ರಜ, ಬಲು ನವಿರಾಗಿ ಹಚ್ಚುವುದು ಐರಿಕ, ಚುಕ್ಕೆ ಇಡುತ್ತ ಹೋಗುವುದು ಬಿಂದುಜ. ನನ್ನ ಮುದಿಗೈಗೆ ಒಗ್ಗಿದ್ದು ಬಿಂದುಜ. ಚುಕ್ಕೆ ತಪ್ಪಿದರೆ ಒರೆಸಬಹುದು, ಗೆರೆ ತಪ್ಪಿದರೆ ಎತ್ತಿನ ಪಕ್ಕೆಲುಬೇ ಮುರಿಯುತ್ತದೆ. ಆ ಗ್ರಂಥವನ್ನು ಇಂಗ್ಲಿಷಿಗೆ ತಂದ ಸ್ಟೆಲ್ಲಾ ಕ್ರಾಮ್ರಿಷ್ ಅವರೇ 1936ರಲ್ಲಿ ನಮ್ಮ ಪಕ್ಕದ ಬಾದಾಮಿಯ ಗುಹಾಚಿತ್ರಗಳ ಮೇಲೂ ಬರೆದರು. ಮಂಗಲೇಶ ಕೊರೆಸಿದ ಮೂರನೆಯ ಗುಹೆ, ಶಾಸನದ ಲೆಕ್ಕಕ್ಕೆ ಕ್ರಿ.ಶ. 578. ಚಿತ್ರಗಳಲ್ಲಿ ಉಳಿದಿರುವುದು ಅಲ್ಲಿಷ್ಟು ಇಲ್ಲಿಷ್ಟು. ನಾನು ನೋಡಲು ಹೋದದ್ದು ಚಿತ್ರ, ನೋಡಿಕೊಂಡು ಬಂದದ್ದು ಶಿಲ್ಪ. ಕೆಂಗಲ್ಲಿನ ವಿಷ್ಣುವಿನ ಕಂಕುಳಲ್ಲಿದ್ದ ನೆರಳೂ ಕೆಂಪುಗಂದು ಬಣ್ಣದ್ದೇ. ಅಪ್ಪನ ಮಾತಿಗೆ ಚಾಲುಕ್ಯರ ಸಹಿ ಸಿಕ್ಕಿತು.

(ಚಿತ್ರದ ಮಾತು ಬಂದಾಗ ಬೆಂಗಳೂರಿನವರು, “ನಿಮ್ಮೂರಲ್ಲೇ ಅಲ್ಲವೇ ಆದಿಲ್‌ಶಾಹಿ ಭಿತ್ತಿಚಿತ್ರ ಇರೋದು?” ಅನ್ನುತ್ತಾರೆ. ಅದು ವಿಜಯಪುರದ ಹತ್ತಿರದ ಕುಮಟಗಿ. ನಮ್ಮದು ಕಮತಗಿ. ತಿದ್ದಿ ತಿದ್ದಿ ಸಾಕಾಗಿ ಈಗ ಹೌದೆಂದು ಒಪ್ಪಿಕೊಳ್ಳುತ್ತೇನೆ.)

ಇಷ್ಟು ಕಲಿತ ಜಂಬದಲ್ಲಿ ಕೊಪ್ಪಳದ ಕಿನ್ನಾಳಕ್ಕೆ ಹೋದೆ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸಿ, ಕಿಟ್ಟವೆಂಬ ಲೇಪ ಮೆತ್ತಿ, ಬಿಳಿ ಬಳಿದು ಆಮೇಲೆ ಬಣ್ಣ ಹಚ್ಚುತ್ತಾರೆ. ತವರದಿಂದ ಮಾಡುವ ಲಾಜವರ ಒಡವೆಗಳಿಗೆ ಹೊಳಪು ಕೊಡುತ್ತದೆ. ನಾನು ನೋಡಿದ ಗೊಂಬೆಗಳಲ್ಲಿ ನೆರಳಿನ ಸುದ್ದಿಯೇ ಇರಲಿಲ್ಲ. ಅಪ್ಪಟ ಕೆಂಪು, ಅಪ್ಪಟ ಹಳದಿ, ಹುಬ್ಬಿಗೊಂದು ಗೆರೆ. ಆದರೂ ಗೌರಿ ಈಗ ಮಾತಾಡುವಳೇನೋ ಅನ್ನುವಂತೆ ಕೂತಿದ್ದಳು. ಕೆತ್ತನೆ ಗಟ್ಟಿಯಿದ್ದಾಗ ಬಣ್ಣಕ್ಕೆ ಕಳ್ಳಾಟ ಬೇಕಿಲ್ಲ. ನನ್ನ ಕೈಯ ಎತ್ತಿಗೆ ಆ ಭಾಗ್ಯವಿಲ್ಲದ್ದರಿಂದ ನೆರಳಿನ ಊರುಗೋಲು ಬೇಕೇ ಬೇಕು.

ಸೀರೆ ಸರಿಹೋದರೂ ಬಿಳಿ ಎತ್ತು ಬಗ್ಗಲಿಲ್ಲ. ಬಿಳಿಗೆ ನೆರಳು ಯಾವುದು? ಹಳದಿಗಂದು ಹಚ್ಚಿ ನೋಡಿದೆ. ಚಹಾ ತಂದ ಹೆಂಡತಿ ಬಗ್ಗಿ ನೋಡಿ, “ಏನ್ರಿ, ಎತ್ತಿಗೆ ಕಾಮಣಿ ಆಗೇತೇನು?” ಅಂದಳು. ಬ್ರಷ್ ಕೆಳಗಿಟ್ಟು ನಿಜವಾದ ಎತ್ತನ್ನು ನೋಡಲು ಸಂತೆಗೆ ಹೋದೆ. ಒಳ್ಳೆಯ ಕಿಲಾರಿ ಹೋರಿಗೆ ಹೆಗಲು, ಹಿಣಿಲಿನ ಕಡೆ ಬೂದುಗಪ್ಪು ಛಾಯೆ, ಬೆನ್ನು ಬರುಬರುತ್ತ ಬಿಳಿ. ದಲಾಲಿ ಎರಡು ಸಲ ರೇಟು ಹೇಳಿ, ನಾನು ಬರೀ ಹೊಟ್ಟೆಯಡಿ ಬಗ್ಗಿ ನೋಡುತ್ತಿರುವುದನ್ನು ಕಂಡು, ಡಾಕ್ಟರೇನೋ ಎಂದುಕೊಂಡು ಸುಮ್ಮನಾದ.

ಈಗ ಮಾಡುವುದಿಷ್ಟು. ಎತ್ತನ್ನು ಬಲ್ಬಿನ ಕೆಳಗಿಟ್ಟು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತೇನೆ, ಬೆಳಕು ಎಲ್ಲಿ ಬಿತ್ತು, ಎಲ್ಲಿ ಸೋತಿತು ಎಂದು ನೋಡಲು. ಮೊದಲು ಮೈಗೆಲ್ಲ ತಿಳಿಬೂದು. ಮಡಿಕೆಗಳಲ್ಲಿ ನೀಲಿ ಬೆರೆತ ಬೂದುಬಣ್ಣದ ತೆಳು ನೀರು, ಉಳಿದದ್ದನ್ನು ಒದ್ದೆ ಬ್ರಷ್ಷಿನಿಂದ ಆಗಲೇ ಎಳೆದುಕೊಳ್ಳಬೇಕು. ಕಡೆಗೆ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಅನ್ನುವಾಗ, ಬೆನ್ನು, ಹಿಣಿಲು, ಮಂಡಿಗಳ ಮೇಲೆ ಬಿಳಿಯನ್ನು ಸವರಿ ಬಿಡುವುದು. ಅಪ್ಪಟ ಬಿಳಿಯ ಪಾಲು ಅಷ್ಟೇ. ಹಿಂದೆಲ್ಲ ನಾನು ಅದನ್ನೇ ಮೊದಲು ಸುರಿದು ಕೂತಿರುತ್ತಿದ್ದೆ.

ನಿಮ್ಮ ಮನೆಯಲ್ಲೂ ಗೊಂಬೆಗೋ ಮಣ್ಣೆತ್ತಿಗೋ ಬಣ್ಣ ಹಚ್ಚುವವರಿದ್ದರೆ ಕರಿ ಬಣ್ಣದ ಡಬ್ಬಿಯನ್ನು ಅಟ್ಟದ ಮೇಲಿಡಿ. ಎತ್ತಿನ ಕಣ್ಣಿಗೆ ಬೇಕಾದಾಗ ಇಳಿಸಿಕೊಂಡರಾಯಿತು.